ಎತ್ತಿಕೊಳ್ಳದ ಅಪ್ಪಂದಿರು

ನಮ್ಮ ಕೊರವಂಗಲದಲ್ಲಿ ತಬ್ಬು ಅಂದರೆ ಮೊದಲು ನೆನಪಾಗುವುದು ಹುಲ್ಲು. ದನಕ್ಕೆ ಒಂದು ತಬ್ಬು ಹುಲ್ಲು ಹಾಕು ಅನ್ನುತ್ತೇವೆ. ತೆಂಗಿನ ಮರವನ್ನು ತಬ್ಬಿಕೊಂಡು ಹತ್ತುತ್ತೇವೆ. ಗಂಡನ ಮನೆಗೆ ಹೊರಟ ಹುಡುಗಿಯನ್ನು ತಬ್ಬಿ ಅಳುತ್ತೇವೆ. ಎಮ್ಮೆ ಮಾರುವಾಗಲೂ ಅದರ ಕತ್ತು ತಬ್ಬಿ ಅಳುವವರಿದ್ದಾರೆ. ಗಂಡಸು ಮಾತ್ರ ತಾನು ಹುಟ್ಟಿಸಿದ ಮಗುವನ್ನು ತನ್ನ ಅಪ್ಪನ ಎದುರು ತಬ್ಬಿಕೊಳ್ಳಬಾರದು. ಅದು ಅಪ್ಪನಿಗೆ ಕೊಡುವ ಮರ್ಯಾದೆಯಂತೆ. ಯಾವ ಪುಣ್ಯಾತ್ಮ ಮಾಡಿದ ಕಾನೂನೋ, ಕೈಗೆ ಸಿಕ್ಕಿದರೆ ನಾನಂತೂ ಸುಮ್ಮನೆ ಬಿಡುವುದಿಲ್ಲ.

ನನ್ನ ಅಣ್ಣ ಪುಟ್ಟಸ್ವಾಮಿಯ ಸೊಸೆ ಮೇಘಶ್ರೀಗೆ ಎಂಟು ತಿಂಗಳಿಗೇ ಹೆರಿಗೆಯಾಯಿತು. ಹಾಸನದ ಆಸ್ಪತ್ರೆ, ಗಂಡು ಕೂಸು, ಮುಟ್ಟಲೂ ಹೆದರಿಕೆಯಾಗುವಷ್ಟು ಸಣ್ಣದು. ಅವಳಿಗೆ ಜ್ವರ ಬಂದು ಬೇರೆ ವಾರ್ಡಿನಲ್ಲಿ ಮಲಗಿಸಿದ್ದರು. ಕೂಸಿನ ಜೊತೆ ಇದ್ದದ್ದು ನಾನು ಮತ್ತು ಅದರ ಅಪ್ಪ, ಅಣ್ಣನ ಮಗ ಶಶಿಕುಮಾರ. ಡಾಕ್ಟರಮ್ಮ ಶಶಿಯನ್ನು ಕರೆದು, "ಶರ್ಟು ಬಿಚ್ಚಿ ಬರೀ ಎದೆಗೆ ಮಗುವನ್ನ ಅವಚಿಕೊಂಡು ಕೂತ್ಕೊಳ್ಳಿ. ನಿಮ್ಮ ಮೈ ಕಾವೇ ಅದಕ್ಕೆ ಔಷಧಿ. ಬೆಚ್ಚಗಿದ್ರೆ ಹಾಲು ಕುಡಿಯುತ್ತೆ, ಇಲ್ಲದಿದ್ರೆ ಕಷ್ಟ" ಅಂದರು.

ಶಶಿ ಕೂತ. ಎಷ್ಟು ಚೆನ್ನಾಗಿ ಕೂತನೆಂದರೆ ಕೂಸು ಅವನ ಎದೆಗೂದಲು ಹಿಡಿದುಕೊಂಡು ನಿದ್ದೆ ಹೋಯಿತು. ಅಷ್ಟರಲ್ಲಿ ಬಾಗಿಲಾಚೆ ಅಣ್ಣ ಕೆಮ್ಮಿದ. ಶಶಿ ಕರೆಂಟು ಹೊಡೆದವನಂತೆ ಎದ್ದು, ಕೂಸನ್ನು ನನ್ನ ಕೈಗೆ ಹಾಕಿ, ಶರ್ಟಿನ ಗುಂಡಿ ಹಾಕಿಕೊಂಡ. ಅಣ್ಣ ನೋಡಿಕೊಂಡು ಹೋಗುವಷ್ಟರಲ್ಲಿ ಕೂಸಿನ ಪಾದ ತಣ್ಣಗಾಗಿತ್ತು. ಸಂಜೆಯವರೆಗೂ ಇದೇ ಆಟ. ಅಣ್ಣನಿಗೋ ಮೊದಲ ಮೊಮ್ಮಗನ ಆಸೆ, ಟೀ ಕುಡಿದು ಬರುತ್ತಾನೆ, ಎಲೆ ಅಡಿಕೆ ಹಾಕಿಕೊಂಡು ಬರುತ್ತಾನೆ. ಕೊನೆಗೆ ಕೂಸು ಹಾಲಿಗೆ ಬಾಯಿ ತೆರೆಯುವುದನ್ನೂ ಬಿಟ್ಟಿತು. ನರ್ಸಮ್ಮನ ಮುಖ ಸಪ್ಪಗಾಯಿತು. ಕೂಸನ್ನು ಮತ್ತೆ ಶಶಿಯ ಎದೆಗೆ ಹಾಕಿದೆ.

ಹೊರಗೆ ಹೋಗಿ ಅಣ್ಣನನ್ನು ತರಾಟೆಗೆ ತೆಗೆದುಕೊಂಡೆ.

"ನೀನು ಒಳಿಕ್ ಬರ್ಬೇಡ ಕಣಣ್ಣ. ನೀನ್ ಬಂದಾಗೆಲ್ಲ ಅವನು ಕೂಸ್ನ ಇಳಿಸ್ತಾವ್ನೆ. ಅದು ತಣ್ಣಗಾಯ್ತಾ ಅದೆ."

"ನಾನೇನ್ ಇಳಿಸು ಅಂದ್ನಾ?"

"ಅನ್ಬೇಕಾ? ನಮ್ಮಪ್ಪ ನಿಂಗೆ ಅಂದಿದ್ನಾ? ಶಶಿ ಹುಟ್ಟಿದಾಗ ಬಾಗ್ಲು ಸಂದೀಲಿ ಕದ್ದು ನೋಡ್ತಿದ್ದೆ ನೀನು."

ಅಣ್ಣ ಟವಲಿನಿಂದ ಮುಖ ಒರೆಸಿಕೊಂಡು ಸೀದಾ ಒಳಗೆ ನಡೆದ. ಶಶಿ ಏಳಲು ಹೋದ.

"ಏಳ್ಬೇಡ, ಕೂತ್ಕಳ್ಲಾ."

ಶಶಿ ಕೂತನೇನೋ ಸರಿ, ಮುಜುಗರಕ್ಕೆ ಅವನ ಕಿವಿಯೆಲ್ಲ ಕೆಂಪಾಯಿತು. ಅದನ್ನು ನೋಡಿದ ಅಣ್ಣ ಸ್ಟೂಲು ಎಳೆದುಕೊಂಡು, ಮಗನಿಗೆ ಬೆನ್ನು ಹಾಕಿ, ಗೋಡೆ ನೋಡುತ್ತಾ ಕೂತುಬಿಟ್ಟ. "ನಾನ್ ನೋಡಾಕಿಲ್ಲ. ನೀನು ಹಿಡ್ಕ." ಆಮೇಲೆ ಮಳೆ, ಆಲೂಗಡ್ಡೆ ಬಿತ್ತನೆ ಎಲ್ಲವನ್ನೂ ಆ ಗೋಡೆಗೇ ಹೇಳಿದ. ಹಿಂದಿನಿಂದ ಮಗ ಹ್ಞೂಂಗುಟ್ಟಿದ. ನಗು ತಡೆಯಲಾರದೆ ನಾನು ಸೆರಗು ಕಚ್ಚಿಕೊಂಡೆ.

ಮಾರನೆಯ ದಿನ ಕೂಸು ಲೊಚಲೊಚ ಹಾಲು ಕುಡಿಯಿತು. ಇನ್ನು ಭಯವಿಲ್ಲ ಅಂದರು ನರ್ಸಮ್ಮ. ಅಣ್ಣ ಆಗಲೂ ಗೋಡೆ ಕಡೆಗೇ ತಿರುಗಿ ಸ್ಟೂಲಿನ ಮೇಲೆ ಕೂತಿದ್ದ. ಶಶಿಯೇ ಕೂಸಿನೊಂದಿಗೆ ಎದ್ದು ಬಂದು ಅವನ ಮುಂದೆ ನಿಂತ.

"ಅಪ್ಪ, ನಂಗೆ ಬೆನ್ನು ನೋಯ್ತದೆ. ಶರ್ಟು ಬಿಚ್ಚು, ವಸಿ ಹೊತ್ತು ನೀನು ಹಿಡ್ಕ."

ಅಣ್ಣ ಶರ್ಟು ಬಿಚ್ಚಿದ. ಮೂಟೆ ಎತ್ತಿ ಪಳಗಿದ ಕೈಗಳು ಮುಂದೆ ಚಾಚಿ ಹಾಗೇ ನಿಂತವು.

"ಎಂಗ್ಲಾ ಹಿಡಿಯಾದು?"

"ಕತ್ತಿನ ಕೆಳಿಕ್ ಒಂದ್ ಕೈ ಕೊಡು. ಅಂಗೆ. ಎದೆಗೆ ಆನಿಸ್ಕ."

ಕೂಸು ಅಣ್ಣನ ನರೆತ ಎದೆಗೆ ಅಂಟಿಕೊಂಡಿತು. ಅಣ್ಣ ಅದರ ಬೆನ್ನ ಮೇಲೆ ಅಂಗೈ ಇಟ್ಟ.

"ನಿನ್ನ ಒಂದ್ಸಲಾನೂ ಇಂಗೆ ಎತ್ಕಂಡಿಲ್ಲ ಕಣ್ಲಾ ನಾನು. ಎತ್ಕಂಡಿದ್ರೆ ಗೊತ್ತಿರೋದು."

ಶಶಿ, ಅಷ್ಟು ದೊಡ್ಡ ಮೀಸೆಯ ಗಂಡಸು, ನೆಲದ ಮೇಲೆ ಕೂತು ಅಪ್ಪನ ತೊಡೆಗೆ ತಲೆ ಒರಗಿಸಿದ. ಅಣ್ಣನ ಒಂದು ಕೈ ಮೆಲ್ಲಗೆ ಇಳಿದು ಅವನ ತಲೆ ಸವರಿತು.