ಕೊಡೆ, ಬಾಳೆಹಣ್ಣು, ಕಾಗೆ

"ಬೆರಳು ಬಿಡಿಸಿ ಪಪ್ಪಾ, ನನ್ನಿಂದ ಆಗುವುದಿಲ್ಲ," ಎಂದು ಶರೋನ್ ಜಪಸರವನ್ನು ತಂದೆಯ ಕೈಗೆ ಕೊಟ್ಟಳು.

ಶವಪೆಟ್ಟಿಗೆಯೊಳಗೆ ಬರ್ತಾಳ ಬಲಗೈಯ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಒತ್ತಿ ಹಿಡಿದಿದ್ದವು. ನಲವತ್ತು ವರ್ಷ ಶಂಕರಪುರದ ಮಲ್ಲಿಗೆ ಕಟ್ಟಿದ ಬೆರಳುಗಳು. ಕೊನೆಯ ಎರಡು ವರ್ಷ ಹೂವಿಲ್ಲದೆ, ಬಾಳೆನಾರಿಲ್ಲದೆ, ಗಾಳಿಗೇ ಗಂಟು ಹಾಕುತ್ತಿದ್ದವು. ನಿವೃತ್ತ ಹೆಡ್‌ಮಾಸ್ಟರ್ ಸ್ಟ್ಯಾನಿಸ್ಲಾಸ್ ಹೆಂಡತಿಯ ಬೆರಳು ಬಿಡಿಸಲಿಲ್ಲ. ಜಪಸರವನ್ನು ಮೇಲಿಂದಲೇ ಸುತ್ತಿದರು.

ಅಂಗಳದ ಶಾಮಿಯಾನದಡಿ ಹೂವಿನ ಏಜೆಂಟ್ ಅಣ್ಣು ಬಂದವರಿಗೆಲ್ಲ ಹೇಳುತ್ತಿದ್ದ: "ಕೊನೆವರೆಗೂ ಎಂತ ಬುದ್ಧಿ ಮಾರಾಯ್ರೆ! ಸರ್ಕಾರದವರ ನೆನಪಿನ ಪರೀಕ್ಷೆಯಲ್ಲಿ ಬರ್ತಾ ಬಾಯಿಗೆ ಮೂರಕ್ಕೆ ಮೂರು."

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ನಿಯಮವನ್ನು ಅಣ್ಣು ಸ್ವಲ್ಪ ಹೆಚ್ಚೇ ಪಾಲಿಸುತ್ತಿದ್ದ. ಈಚಿನ ತಿಂಗಳುಗಳಲ್ಲಿ ಆಕೆ ತನ್ನನ್ನು ದಿನಾ ಬೆಳಿಗ್ಗೆ ಹೂ ಕಳ್ಳನೆಂದು ಅಟ್ಟಿಸಿಕೊಂಡು ಬರುತ್ತಿದ್ದುದನ್ನು ಹೇಳಲಿಲ್ಲ.

ಆಶಾ ಕಾರ್ಯಕರ್ತೆ ಸ್ವರ್ಣಲತಾ ಬಂದಳು. ಪೆಟ್ಟಿಗೆಗೆ ಕೈಮುಗಿದು, ಮಾಸ್ಟ್ರ ಪಕ್ಕ ನಿಂತು ಸ್ವರ ತಗ್ಗಿಸಿದಳು.

"ಇವತ್ತು ಹೇಳಬಾರದು. ಮುಂದಿನ ವಾರ ಪುನಃ ನೆನಪಿನ ಸಮೀಕ್ಷೆ ಉಂಟು. ಈ ಸಲ ಕಾಪುವಿಗೂ ಮರೆವಿನವರನ್ನು ನೋಡಿಕೊಳ್ಳುವ ಒಂದು ಹಗಲು ಕೇಂದ್ರ ಕೊಡುತ್ತಾರಂತೆ, ಬೇಕಾದವರು ಇದ್ದಾರೆಂದು ಲೆಕ್ಕಕ್ಕೆ ಸಿಕ್ಕಿದರೆ." ಕಿಟಕಿಯ ಕಡೆ ನೋಡಿ ಕೇಳಿದಳು, "ಪ್ರೆಸಿಲ್ಲಾ ಬಾಯಿ ಹೇಗಿದ್ದಾರೆ ಮಾಸ್ಟ್ರೇ?"

ಪ್ರೆಸಿಲ್ಲಾ ಬರ್ತಾಳ ತಂಗಿ. ಮದುವೆಯಾಗದೆ ಅಕ್ಕನ ಮನೆಯಲ್ಲೇ ಅರವತ್ತೆಂಟು ಮುಟ್ಟಿದವಳು. ಕಿಟಕಿಯ ಬಳಿ ಕುಳಿತು, ಬಂದ ಹೂಮಾಲೆಗಳಲ್ಲಿ ಗಂಟು ಸಡಿಲ ಇರುವುದನ್ನು ಹುಡುಕಿ ಬಿಗಿಮಾಡುತ್ತಿದ್ದಳು.

"ಅವಳಿಗೆ ಎಂತ ಆಗಿದೆ?" ಎಂದರು ಮಾಸ್ಟ್ರು. "ಮೂರೂ ಪದ ಹೇಳ್ತಾಳೆ."

"ಅದು ಗೊತ್ತುಂಟು," ಎಂದಳು ಸ್ವರ್ಣಲತಾ. "ಈ ವಾರ್ಡಿನಲ್ಲಿ ಎಲ್ಲರೂ ಹೇಳ್ತಾರೆ."

*

ಎರಡು ವರ್ಷದ ಹಿಂದೆ ಸಮೀಕ್ಷೆ ಮೊದಲು ಬಂದಾಗ ಅದನ್ನು ಊರು ಪರೀಕ್ಷೆಯೆಂದೇ ತಿಳಿಯಿತು. ತಪ್ಪೂ ಅಲ್ಲ. ಹತ್ತನೇ ತರಗತಿಯ ಫಲಿತಾಂಶದ ದಿನ ಜಿಲ್ಲೆಗೆ ಎಷ್ಟನೇ ಸ್ಥಾನವೆಂದು ಮೀನು ಮಾರುವವರೂ ವಿಚಾರಿಸುವ ಸೀಮೆ ಇದು. ಮೊದಲ ದಿನ ಇಗರ್ಜಿಯ ಹಿಂದಿನ ನಾಲ್ಕು ಮನೆಗಳಲ್ಲಿ ಸ್ವರ್ಣಲತಾ ಮೂರು ಪದ ಹೇಳಿ, ಬೇರೇನೋ ಮಾತಾಡಿಸಿ, ಐದು ನಿಮಿಷದ ಮೇಲೆ ಪುನಃ ಕೇಳಿದಳು. ಮರುದಿನ ಬೆಳಿಗ್ಗೆ ಹೂ ಒಯ್ಯಲು ಬಂದ ಅಣ್ಣು ಪ್ರತಿ ಮನೆಯಲ್ಲೂ ಅಂದಿನ ಮಲ್ಲಿಗೆಯ ದರದ ಜೊತೆಗೆ ಆ ಮೂರು ಪದಗಳನ್ನೂ ಹೇಳಿಹೋದ. ಕೊಡೆ, ಬಾಳೆಹಣ್ಣು, ಕಾಗೆ.

ಬರ್ತಾ ಆಗಲೇ ಉಪ್ಪಿನ ಡಬ್ಬವನ್ನು ಬಟ್ಟೆಯ ಕಪಾಟಿನಲ್ಲಿ ಇಡುತ್ತಿದ್ದಳು. ಮಾಸ್ಟ್ರಿಗೆ ಅದು ಗೊತ್ತಿತ್ತು. ಆದರೆ ಮೂವತ್ತಾರು ವರ್ಷ ಯಾರನ್ನೂ ಫೇಲಾಗಲು ಬಿಡದ ಮನುಷ್ಯ. ಊಟದ ಮೇಜಿನಲ್ಲಿ ಹೆಂಡತಿಯನ್ನೂ ನಾದಿನಿಯನ್ನೂ ಕೂರಿಸಿ ಪಾಠ ಶುರುಮಾಡಿದರು.

"ಮೊದಲನೆಯದು?"

"ಕೊಡೆ."

"ಎರಡನೆಯದು?"

"ಊಟ ಆಯಿತಾ?"

"ಊಟ ಅಲ್ಲ ಬರ್ತಾ. ಹಣ್ಣು. ಹಳದಿ."

ವಾರವಿಡೀ ಹೇಳಿಸಿದರು. ಸರಿಯಾದಾಗ "ಭೇಷ್" ಎಂದರು. ನೆರೆಮನೆಯ ಮುದುಕರೂ ಸಂಜೆ ಬಂದು ಕೂರತೊಡಗಿದರು. ಪರೀಕ್ಷೆಯ ದಿನ ಮಾಸ್ಟ್ರು ಸ್ವರ್ಣಲತಾಳ ಬೆನ್ನ ಹಿಂದೆ ನಿಂತು ಶಬ್ದವಿಲ್ಲದೆ ತುಟಿ ಆಡಿಸಿದರು. ಬರ್ತಾ ಆ ತುಟಿಗಳನ್ನೇ ನೋಡುತ್ತ ಮೂರನ್ನೂ ಹೇಳಿದಳು. ಸ್ವರ್ಣಲತಾ ಹಿಂದೆ ತಿರುಗಲಿಲ್ಲ. ಅವಳಿಗೆ ಮೂರನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು ಈ ಮಾಸ್ಟ್ರೇ.

ವಾರ್ಡಿಗೆ ವಾರ್ಡೇ ಪಾಸಾಯಿತು. ಕಾರ್ಕಳದ ಕಡೆಯವರು ಪ್ರಾಮಾಣಿಕವಾಗಿ ಫೇಲಾದರು. ಹಗಲು ಕೇಂದ್ರದ ಅನುದಾನ ಅಲ್ಲಿಗೆ ಹೋಯಿತು: ಒಬ್ಬ ನರ್ಸು, ಒಂದು ವ್ಯಾನು, ಬೀಗ ಹಾಕದೆಯೂ ಮುದುಕರು ಕಳೆದುಹೋಗದ ಒಂದು ಅಂಗಳ. ಶರೋನ್‌ಳ ಗಂಡನ ಮನೆ ಕಾರ್ಕಳದಲ್ಲೇ.

"ಮಮ್ಮಿಯನ್ನು ನಮ್ಮಲ್ಲಿಗೆ ಕಳಿಸಿ ಪಪ್ಪಾ. ಬೆಳಿಗ್ಗೆ ವ್ಯಾನು ಬರುತ್ತದೆ," ಎಂದು ಅವಳು ಎಷ್ಟೋ ಸಲ ಫೋನಿನಲ್ಲಿ ಹೇಳಿದ್ದಳು.

"ಪಾಸಾದವಳನ್ನು ಅಲ್ಲಿಗೆ ಹೇಗೆ ಕಳಿಸುವುದು?" ಎಂದಿದ್ದರು ಮಾಸ್ಟ್ರು.

*

ಪೆಟ್ಟಿಗೆ ಎತ್ತಿದರು. ಇಗರ್ಜಿ ಹತ್ತು ನಿಮಿಷದ ದಾರಿ. ಇಕ್ಕೆಲದಲ್ಲೂ ಮಲ್ಲಿಗೆ ತೋಟಗಳು. ಆರು ದಿನದ ಹಿಂದೆ ನಸುಕಿನಲ್ಲಿ ಬರ್ತಾ ಸಿಕ್ಕಿದ್ದು ಇಂಥದೇ ಒಂದು ತೋಟದಲ್ಲಿ, ಸುರಿವ ಮಳೆಯಲ್ಲಿ. ಮಾಸ್ಟ್ರು ಎದುರು ಬಾಗಿಲಿಗೆ ಬೀಗ ಹಾಕಿದ್ದರು, ಹಿಂಬಾಗಿಲು ಮರೆತಿದ್ದರು. ಗಿಡಗಳ ನಡುವೆ ಕುಳಿತಿದ್ದವಳ ಬಳಿ ಅವರು ಓಡಿಹೋದಾಗ, ಅವಳು ತಟ್ಟನೆ ಎದ್ದು, ಕೈಕಟ್ಟಿ ನಿಂತಳು.

"ಕೊಡೆ, ಬಾಳೆಹಣ್ಣು, ಕಾಗೆ, ಸರ್," ಎಂದಳು.

ಅವಳು ಅವರನ್ನು ಸರ್ ಎನ್ನತೊಡಗಿ ಆಗಲೇ ವರ್ಷವಾಗಿತ್ತು. ಗಂಡ, ಮಗಳು, ಮನೆ, ದಾರಿ ಎಲ್ಲ ಒಂದೊಂದಾಗಿ ಅಳಿಸಿಹೋದ ಮೇಲೆ ಆ ಮೂರು ಪದಗಳು ಮಾತ್ರ ಉಳಿದಿದ್ದವು, ಅವರೇ ಒತ್ತಿ ಬರೆದದ್ದು. ಆ ಮಳೆಗೆ ಹಿಡಿದ ಜ್ವರದ ನಾಲ್ಕೂ ದಿನ ಅದನ್ನೇ ಹೇಳಿದಳು. ಈಗ ಬೆಳಿಗ್ಗೆ ಹಲ್ಲುಜ್ಜುವಾಗ, ಬಾವಿಯ ರಾಟೆ ತಿರುಗಿದಾಗ, ಮಾಸ್ಟ್ರಿಗೆ ಅದೇ ಸ್ವರ ಕೇಳುತ್ತಿತ್ತು. ಪ್ರತಿ ಸಲವೂ ಅದು ಮುಗಿದು ಒಂದು ಕ್ಷಣ ಕಾಯುತ್ತಿತ್ತು, ಭೇಷ್‌ಗಾಗಿ.

ಇಗರ್ಜಿಯ ಸ್ಮಶಾನದಲ್ಲಿ ಫಾದರ್ ಪ್ರಾರ್ಥನೆ ಮುಗಿಸಿದರು. ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕತೊಡಗಿದರು. ಮಾಸ್ಟ್ರು ಹಾಕಿದ ಮೇಲೆ ಶರೋನ್ ಚಿಕ್ಕಮ್ಮನನ್ನು ಮುಂದೆ ತಂದು ಅವಳ ಅಂಗೈಗೆ ಮಣ್ಣಿಟ್ಟಳು. ಪ್ರೆಸಿಲ್ಲಾ ಹೊಂಡದೊಳಗೆ ಇಣುಕಿ, ನೆರೆದವರನ್ನೆಲ್ಲ ಒಮ್ಮೆ ನೋಡಿದಳು.

"ಭಾವ, ಬರ್ತಕ್ಕ ಎಲ್ಲಿ? ಇಷ್ಟು ಜನ ಬಂದಿದ್ದಾರೆ, ಅವಳೊಬ್ಬಳು ಬರಲಿಲ್ವಾ?"

"ದುಃಖದಲ್ಲಿ ಹೀಗೆಲ್ಲ ಆಗ್ತದೆ," ಎಂದ ಅಣ್ಣು ಮೆಲ್ಲಗೆ.

ಮಾಸ್ಟ್ರ ಮುಖ ಬಿಳುಚಿದ್ದನ್ನು ಕಂಡು ಪ್ರೆಸಿಲ್ಲಾಳಿಗೆ ತಾನು ಎಲ್ಲೋ ತಪ್ಪಿದೆನೆಂದು ಹೊಳೆದಿರಬೇಕು. ಆತುರದಿಂದ ನೆಟ್ಟಗೆ ನಿಂತಳು.

"ಕೊಡೆ," ಎಂದಳು. "ಬಾಳೆಹಣ್ಣು. ಕಾಗೆ."

ಹೇಳಿ ಮುಗಿಸಿ ಅವರತ್ತ ನೋಡುತ್ತ ಕಾದಳು. ಮಣ್ಣು ಅವಳ ಮುಷ್ಟಿಯಲ್ಲೇ ಇತ್ತು.

ಜನ ಕರಗುತ್ತಿದ್ದಾಗ ಮಾಸ್ಟ್ರು ಗೇಟಿನ ಬಳಿ ಸ್ವರ್ಣಲತಾಳನ್ನು ನಿಲ್ಲಿಸಿದರು.

"ಪೇಪರ್ ಔಟಾಗಿದೆ ಮಾರಾಯ್ತಿ. ಔಟ್ ಮಾಡಿದ್ದು ಅಣ್ಣು, ಟ್ಯೂಷನ್ ಕೊಟ್ಟದ್ದು ನಾನು. ಬೇರೆ ಪದ ಕೇಳು ಅವಳಿಗೆ."

"ಇವತ್ತಾ ಮಾಸ್ಟ್ರೇ? ಇಲ್ಲಿಯಾ?"

"ಇವತ್ತೇ. ನಾಳೆಯಾದರೆ ನಾನು ಪುನಃ ಕಲಿಸ್ತೇನೆ."

ಪ್ರೆಸಿಲ್ಲಾಳನ್ನು ಕಲ್ಲುಬೆಂಚಿನ ಮೇಲೆ ಕೂರಿಸಿದರು. ಸ್ವರ್ಣಲತಾ ಎದುರು ಕುಕ್ಕರಗಾಲಿನಲ್ಲಿ ಕುಳಿತು ಹೊಸದಾಗಿ ಮೂರು ಪದ ಹೇಳಿದಳು: ದೋಣಿ, ಚಾಪೆ, ಗಂಟೆ. ಪ್ರೆಸಿಲ್ಲಾ ಚೆನ್ನಾಗಿಯೇ ತಿರುಗಿ ಹೇಳಿದಳು. ಆಮೇಲೆ ಸ್ವರ್ಣಲತಾ ಹೂವಿನ ಮಾತು ತೆಗೆದಳು. ಮಲ್ಲಿಗೆಗೆ ಬೂದಿ ಹಾಕುವುದು ಯಾವಾಗ, ಗಿಡ ಸವರುವುದು ಯಾವಾಗ. ಐದು ನಿಮಿಷ ಕಳೆಯಿತು.

"ಆಗ ಹೇಳಿದ್ದು ಎಂತ ಬಾಯಿ? ಮೂರು?"

ಪ್ರೆಸಿಲ್ಲಾ ಪದಗಳಿಗಾಗಿ ತಡಕಾಡಿದಳು. ಅವಳ ಕಣ್ಣು ನಿಧಾನವಾಗಿ ಸ್ವರ್ಣಲತಾಳ ತಲೆಯ ಮೇಲಿಂದ ಹಾದು, ಹಿಂದೆ ನಿಂತ ಭಾವನ ತುಟಿಗಳ ಮೇಲೆ ಬಂದು ನಿಂತಿತು.

ಮಾಸ್ಟ್ರು ಮಣ್ಣು ಮೆತ್ತಿದ ಅಂಗೈಯನ್ನು ಎತ್ತಿ ತಮ್ಮ ಬಾಯಿಯ ಮೇಲೆ ಒತ್ತಿ ಹಿಡಿದರು.