ಹೊರಗಿನ ತುತ್ತು

"ಮನೆ ಯಜಮಾನರು ಹೇಳಿದ್ರೆ ಸಾಕಾಗಲ್ಲ ಸರ್. ಯಾರು ತಿಂದ್ರೋ ಅವರೇ ಹೇಳ್ಬೇಕು," ಎಂದಳು ಮನೆಮಂದಿ ಹೊರಗೆ ಏನೇನು ತಿನ್ನುತ್ತಾರೆಂಬ ಸರ್ಕಾರಿ ಸರ್ವೆಗೆ ಬಂದಿದ್ದ ಹುಡುಗಿ, ತೊಡೆಯ ಮೇಲಿನ ಟ್ಯಾಬನ್ನು ಸರಿಮಾಡಿಕೊಳ್ಳುತ್ತ.

ಮನೆಯ ಯಜಮಾನನಾದ ಲಿಫ್ಟ್ ಮೆಕ್ಯಾನಿಕ್ ತನ್ನ ಮಟ್ಟಿಗೆ ಒಂದೇ ಮಾತಿನಲ್ಲಿ ಕೆಲಸ ಮುಗಿಸಿಬಿಟ್ಟಿದ್ದ. "ಸೊನ್ನೆ ಅಂತ ಬರ್ಕೊಳಮ್ಮ. ಹೊರಗಡೆ ತಿನ್ನೋ ಅಭ್ಯಾಸಾನೇ ಇಲ್ಲ ನಮ್ಮನೇಲಿ. ಇವಳ ಕೈಯಡುಗೆ ಬಿಟ್ರೆ ಬೇರೇದು ನಾಲಿಗೆಗೆ ಹತ್ತಲ್ಲ." ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಹೆಂಡತಿ ಹಿಗ್ಗಿ ಹೀರೇಕಾಯಿಯಾದಳು. ಗಂಡ ಬಾಯಿಬಿಟ್ಟು ಹೊಗಳುವವನಲ್ಲ. ಈಗ ನೋಡಿದರೆ ಸರ್ಕಾರದವರ ಮುಂದೆಯೇ ಹೊಗಳಿದ್ದ.

ಹುಡುಗಿ ಬಿಡಲಿಲ್ಲ. "ಊಟ ಅಂತಲ್ಲ ಸರ್. ಟೀ, ಬನ್ನು, ಜ್ಯೂಸು, ನಿಮ್ಮನೆ ಒಲೆ ಮೇಲೆ ಆಗದೇ ಇದ್ದದ್ದು ಏನೇ ಆದ್ರೂ ಲೆಕ್ಕಕ್ಕೆ ಬರುತ್ತೆ. ಕಳೆದ ಒಂದು ವಾರದ್ದು ಹೇಳಿ."

ಭಾನುವಾರವಾದ್ದರಿಂದ ಎಲ್ಲರೂ ಮನೆಯಲ್ಲೇ ಇದ್ದರು. ಮೊದಲು ಮೂಲೆಯ ಕುರ್ಚಿಯಲ್ಲಿದ್ದ ಅವಳ ಮಾವ ಕೆಮ್ಮಿದರು.

"ವಾಕಿಂಗ್ ಹೋದಾಗ ಆ ಬೇಕರಿ ಹತ್ರ... ಒಂದು ತುಂಡು ಕೇಕು. ದಿನಾ ಏನಿಲ್ಲ."

"ಯಾವತ್ತು ಯಾವತ್ತು ತಾತ?" ಎಂದಳು ಸರ್ವೆಯ ಹುಡುಗಿ.

"ಬೇಕರಿ ರಜಾ ಇದ್ದ ದಿನ ತಿಂದಿಲ್ಲ."

"ಸಕ್ಕರೆ ಕಾಯಿಲೆ ಇಟ್ಕೊಂಡು!" ಎಂದು ಮೊಮ್ಮಗಳು ಕೂಗಿದಳು. "ಏನ್ಮಾಡ್ಲೇ, ಸರ್ಕಾರದೋರ ಮುಂದೆ ಸುಳ್ಳು ಹೇಳಕ್ಕಾಗುತ್ತಾ?" ಎಂದರು ಮಾವ, ಬಲು ಗಂಭೀರವಾಗಿ.

ಅಲ್ಲಿಗೆ ಕಟ್ಟೆ ಒಡೆಯಿತು. ಮಗಳಿಗೆ ಕಾಲೇಜಿನ ಕ್ಯಾಂಟೀನು. ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಮಗನಿಗೆ ಎಲ್ಲಿ ಗಾಡಿ ನಿಂತರೆ ಅಲ್ಲೇ ತಿಂಡಿ. ಎಲ್ಲರೂ ನಗುತ್ತ, ಒಬ್ಬರನ್ನೊಬ್ಬರು ಚುಚ್ಚುತ್ತ, ಕೊನೆಗೆ ಮೆಕ್ಯಾನಿಕ್ಕನ ಮುಖ ನೋಡಿದರು. ಅವನು ಕತ್ತು ತುರಿಸಿಕೊಂಡ.

"ಮಾರ್ಕೆಟ್ ಹಿಂದೆ ಒಂದು ಮೆಸ್ ಇದೆ. ಮಧ್ಯಾಹ್ನ, ಕೆಲಸದ ಹುಡುಗ್ರು ಎಳ್ಕೊಂಡು ಹೋಗ್ತಾರೆ..."

"ಮತ್ತೆ ಡಬ್ಬಿ?" ಎಂದಳು ಹೆಂಡತಿ. "ಖಾಲಿಯಾಗೇ ಬರುತ್ತಲ್ರೀ!"

"ವಾಚ್‌ಮನ್‌ಗೆ ಕೊಡ್ತೀನಿ. ಚೆಲ್ಲಲ್ಲ ಕಣೇ, ದೇವರಾಣೆ."

ಹುಡುಗಿ ತಲೆಯೆತ್ತದೆ ಮೆಲ್ಲಗೆ ಕೇಳಿದಳು: "ಅಮ್ಮಾ, ನೀವು?"

"ನಾನೇನು ತಿನ್ಲಿ? ನಾನು ಹೊರಗೆ ಹೋಗಿ ಕೂತ್ರೆ ಇವರಿಗೆ ಬೇಯ್ಸಿ ಹಾಕೋರ್ಯಾರು?" ಮಾತು ಅಭ್ಯಾಸಬಲದಿಂದ ಬಂದಿತ್ತು. ಆಡಿದ ಮೇಲೆ ಅದು ಯಾರ ಕಿವಿಗೂ ಬೀಳದೆ ನೆಲಕ್ಕೆ ಬಿದ್ದಂತೆ ಅನ್ನಿಸಿತು.

"ಸೊನ್ನೆ ಹಾಕ್ಲಾ?"

"ಹಾಕಮ್ಮ."

ಮರುದಿನವೂ ಆಕೆ ಡಬ್ಬಿ ಕಟ್ಟಿದಳು. ಗಂಡ "ಇವತ್ತು ಊರಾಚೆ ಕೆಲಸ, ಬರೋದು ಸಂಜೆಯಾಗುತ್ತೆ" ಎಂದಾಗ "ಹೂಂ" ಎಂದಳು, ಅಷ್ಟೇ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಆಕೆಗೆ ಗೊತ್ತಿಲ್ಲದ ಮಾತೇನಲ್ಲ. ಆದರೆ ಆ ಗಿಡ ತಾನೇ ಎಂದು ಯಾವತ್ತೂ ಹೊಳೆದಿರಲಿಲ್ಲ. ಮಧ್ಯಾಹ್ನ ಮಾವನಿಗೆ ಬಡಿಸಿ, ತಾನು ತಟ್ಟೆ ಹಾಕಿಕೊಳ್ಳದೆ, ಚಪ್ಪಲಿ ಮೆಟ್ಟಿದಳು. ಅಂಥಾದ್ದೇನು ಸುರೀತಾರೆ ಅಲ್ಲಿ, ನೋಡೇ ಬಿಡೋಣ.

ಮೂಗು ಮುರಿಯಲೆಂದೇ ಹೋದವಳು ಮೆಸ್ಸಿನ ಬಾಗಿಲಲ್ಲೇ ಹುಳುಕು ಹುಡುಕತೊಡಗಿದಳು. ನೆಲ ತೊಳೆದಿತ್ತು. ಬಾಗಿಲ ಬಳಿ ಇಟ್ಟಿದ್ದ ಲೋಟ ಮೂಸಿದಳು, ವಾಸನೆಯಿರಲಿಲ್ಲ. ಜಾಗ ಮಾತ್ರ ಇಕ್ಕಟ್ಟು. ಮೂಟೆ ಹೊರುವವರು, ಆಫೀಸಿನವರು, ಬಸ್ ಕಂಡಕ್ಟರು, ಕಾಲೇಜು ಹುಡುಗಿಯರು ಭುಜಕ್ಕೆ ಭುಜ ತಾಗಿಸಿ ಕೂತಿದ್ದರು.

"ಊಟಾನಾ ಅಕ್ಕಾ? ಕೂತ್ಕೊಳಿ, ಬಂತು," ಎಂದ ಬಡಿಸುವವ. ಆಕೆ ಕೂತಳು. ಕೂತಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಎದುರಿನ ಗೋಡೆಯಲ್ಲಿ ಒಂದು ಕಿಂಡಿ. ಅದರಾಚೆ ಅಡುಗೆಮನೆ. ಅಲ್ಲಿದ್ದ ಪಾತ್ರೆಯಲ್ಲಿ ಮಗುವನ್ನು ಕೂರಿಸಿ ಸ್ನಾನ ಮಾಡಿಸಬಹುದಿತ್ತು. ಹೆಗಲಿಗೆ ಟವೆಲ್ ಹಾಕಿದ ದಪ್ಪನೆಯ ಅಡುಗೆಯವನೊಬ್ಬ, ಇನ್ನೊಬ್ಬನ ಜೊತೆ ಪಾತ್ರೆಯ ಕಿವಿ ಹಿಡಿದು ಗಂಜಿ ಬಸಿಯಲು ವಾಲಿಸಿದ. ಹಬೆ ಮೋಡದ ಹಾಗೆ ಎದ್ದು ಇಬ್ಬರನ್ನೂ ನುಂಗಿತು. ಆಕೆ ಉಸಿರು ಬಿಗಿಹಿಡಿದಳು. ಮೋಡ ಕರಗಿದಾಗ ಅವನು ಒಂದು ಅಗುಳನ್ನು ಎರಡು ಬೆರಳ ನಡುವೆ ಹಿಚುಕಿ ನೋಡುತ್ತಿದ್ದ. ಅಯ್ಯೋ, ಅಷ್ಟು ದೊಡ್ಡ ಗುಡ್ಡಕ್ಕೂ ಒಂದೇ ಅಗುಳು! ತನ್ನ ಮನೆಯ ಪಾತ್ರೆಗೂ ಅಷ್ಟೇ, ಅರ್ಧ ಊರಿಗೆ ಬೇಯಿಸುವವನಿಗೂ ಅಷ್ಟೇ.

ಆಕೆ ಸುತ್ತ ನೋಡಿದಳು. ತಲೆಗಳೆಲ್ಲ ತಟ್ಟೆಯ ಮೇಲೆ ಬಾಗಿದ್ದವು. ಯಾರ ಮಕ್ಕಳೋ, ಯಾರ ಗಂಡಂದಿರೋ. ದಿನಾ ಈ ಹೊತ್ತಿಗೆ ತಾನು ಒಲೆ ಒರೆಸುತ್ತಿರುವಾಗ ಊರಿಗೆ ಊರೇ ಹೀಗೆ ಗುರುತು ಪರಿಚಯವಿಲ್ಲದವರ ಕೈಯಿಂದ ಉಣ್ಣುತ್ತಿತ್ತು. ಗಂಡನೂ ಇಲ್ಲೇ ಎಲ್ಲೋ ಕೂತು, ಗ್ರೀಸು ಮೆತ್ತಿದ ಉಗುರುಗಳಲ್ಲಿ ತುತ್ತು ಕಲಸುತ್ತಿದ್ದಿರಬೇಕು. ನಿನ್ನೆಯಿಂದ ಎದೆಯಲ್ಲಿ ಕೂತಿದ್ದ ಹೊಟ್ಟೆಕಿಚ್ಚು ಯಾವಾಗ ಎದ್ದುಹೋಯಿತೋ, ಹುಡುಕಿದರೂ ಸಿಗಲಿಲ್ಲ.

ತಟ್ಟೆ ಬಂತು. ಅನ್ನ, ಬೇಳೆಸಾರು, ಎಲೆಕೋಸಿನ ಪಲ್ಯ. ಆಕೆ ಮನೆಯಲ್ಲಿ ಮಾಡದ್ದು ಯಾವುದೂ ಇರಲಿಲ್ಲ. ಕಲಸಿ ಮೊದಲ ತುತ್ತು ಬಾಯಿಗಿಟ್ಟಳು.

ಉಪ್ಪು ಎಷ್ಟಿದೆಯೆಂದು ಆಕೆಗೆ ಗೊತ್ತಿರಲಿಲ್ಲ. ಖಾರ ಗೊತ್ತಿರಲಿಲ್ಲ. ಇಷ್ಟು ವರ್ಷ ಪ್ರತಿ ತುತ್ತಿನ ರುಚಿಯೂ ಬಾಯಿಗೆ ಬರುವ ಮುಂಚೆಯೇ ತಿಳಿದುಹೋಗಿರುತ್ತಿತ್ತು; ತಾನೇ ಹಾಕಿದ ಉಪ್ಪು, ತಾನೇ ಕೊಟ್ಟ ಒಗ್ಗರಣೆ. ಈಗ ನಾಲಿಗೆಯ ಮೇಲೆ ಮೊದಲು ಬಿಸಿ, ಆಮೇಲೆ ಹದವಾದ ಹುಳಿ, ಅದರ ಹಿಂದೆಯೇ ಯಾರೋ ಧೈರ್ಯವಾಗಿ ಹಾಕಿದ ಕಾಳುಮೆಣಸು, ಒಂದೊಂದಾಗಿ ಬಾಗಿಲು ತೆರೆದ ಹಾಗೆ ಬಂದವು. ಆಕೆ ಅಗಿಯುವುದನ್ನೇ ಮರೆತು ಕೂತಳು. ಕಣ್ಣು ತುಂಬಿಬಂತು. ಖಾರಕ್ಕೇ ಇರಬೇಕು ಎಂದುಕೊಂಡಳು.

ತಲೆಯೆತ್ತಿದಾಗ ಅಡುಗೆಯವ ಕಿಂಡಿಯಲ್ಲಿ ನಿಂತು ಆಕೆಯನ್ನೇ ನೋಡುತ್ತಿದ್ದ. ಹೊಸ ಮುಖ, ಮೊದಲ ತುತ್ತು. ಏನನ್ನೂ ಕೇಳದ, ಆದರೂ ಕಾಯುವ ನೋಟ. ದಿನಾ ಬಡಿಸಿ ನಿಂತಾಗ ತನ್ನ ಕಣ್ಣಲ್ಲೇ ಇರುತ್ತಿದ್ದ ಆ ನೋಟವನ್ನು ಆಕೆ ಎದುರಿನಿಂದ ನೋಡಿದ್ದು ಇದೇ ಮೊದಲು.

ಆಕೆ ತುತ್ತು ನುಂಗಿ, ಅವನಿಗೆ ಕಾಣುವ ಹಾಗೆ ನಿಧಾನವಾಗಿ ತಲೆದೂಗಿದಳು.

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಉರಿಯ ಕಡೆಗೆ ತಿರುಗಿದ. ಕಿಂಡಿಯ ತುಂಬ ಮತ್ತೆ ಬೆಳ್ಳನೆ ಹಬೆ ಎದ್ದಿತು.