ನೂರರ ಮೇಲಿನ ಬಿಲ್ಲೆಗಳು

ಕೋಟಿನ ಕತ್ತುಪಟ್ಟಿಯೊಳಗೆ ಕಿತ್ತುಹೋಗಿದ್ದ, ಕೊಕ್ಕೆಗೆ ತೂಗುಹಾಕುವ ಕುಣಿಕೆಯನ್ನು ಕಾನಿಶಾಯ್ ಹೊಲಿಯುತ್ತಿದ್ದಳು. ಸೂಜಿ ಚುಚ್ಚಿದಳು, ದಾರ ಎಳೆದಳು, ಗಂಟು ಹಾಕಿ ಹಲ್ಲಿನಲ್ಲಿ ಕಡಿದಳು. ಕೋಟಿನ ಒಡತಿ ಮೇಲೆ ಓದುವ ಕೋಣೆಯಲ್ಲಿದ್ದಳು. ತೊಟ್ಟುಕೊಂಡು ಹೋಗುವಾಗಲೂ ಅವಳಿಗೆ ಇದು ಗೊತ್ತಾಗುವುದಿಲ್ಲ.

ಬೆಟ್ಟಗಳ ನಡುವಿನ ನರೀನ್ ಊರಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೋಟು ಹಾಕಿಕೊಂಡು ಓದಲು ಕೂರುವಂತಿಲ್ಲ. ಕೆಳಗೆ ಕೋಟಿನ ಕೋಣೆಯಲ್ಲಿ ಬಿಚ್ಚಿಕೊಟ್ಟು ನಂಬರಿನ ಬಿಲ್ಲೆ ತೆಗೆದುಕೊಳ್ಳಬೇಕು. ಕುಣಿಕೆ ಇಲ್ಲದ ಕೋಟನ್ನು ತೆಗೆದುಕೊಳ್ಳಬಾರದೆಂದು ನಿಯಮ. ಹಿಂದೆ ಇದ್ದ ಮುದುಕಿ ಅಂಥವರನ್ನು ಬೈದು ವಾಪಸು ಕಳಿಸುತ್ತಿದ್ದಳಂತೆ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟ ಕಾನಿಶಾಯ್‌ಗೆ ಓದುವವರನ್ನು ಬೈಯಲು ಬಾಯಿ ಬರಲಿಲ್ಲ. ಅದಕ್ಕೇ ತನ್ನ ಕಾಸಿನಲ್ಲೇ ದಾರ, ಸೂಜಿ ತಂದಿಟ್ಟುಕೊಂಡಳು. ಮೂರು ಚಳಿಗಾಲ ಹಾಗೇ ಕಳೆದಿತ್ತು.

ನಾಲ್ಕನೆಯದು ಇರುತ್ತದೋ ಇಲ್ಲವೋ. ಗ್ರಂಥಾಲಯದ ಮುಖ್ಯಸ್ಥೆ ಬುರುಲ್ ಎಜೆ, ಅಂದರೆ ಬುರುಲಕ್ಕ, ಮುಂದಿನ ಐದು ವರ್ಷದ ಯೋಜನೆ ಬರೆಯುತ್ತಿದ್ದರು. ಪ್ರಶ್ನೆಗಳ ಪಟ್ಟಿ ಹಿಡಿದು ಬೇರೆ ಊರುಗಳ ಮೂರು ಗ್ರಂಥಾಲಯಗಳನ್ನು ನೋಡಿ ಬಂದಿದ್ದರು. ಕುರ್ಚಿ ಎಷ್ಟು, ಯಾವ ಹೊತ್ತಿಗೆ ಯಾರು ಬರುತ್ತಾರೆ, ಎಷ್ಟಕ್ಕೆ ಬಾಗಿಲು ಮುಚ್ಚುತ್ತದೆ. ಅವರದನ್ನೂ ತಮ್ಮದನ್ನೂ ಪಕ್ಕಪಕ್ಕ ಇಟ್ಟು ನೋಡಿ ಎರಡು ಸಾಲು ಬರೆದಿದ್ದರು: ಬಾಗಿಲು ಎಂಟರ ಬದಲು ಐದಕ್ಕೇ ಮುಚ್ಚುವುದು, ಕೋಟಿನ ಕೋಣೆ ತೆಗೆದು ಸೋಫಾ ಹಾಕುವುದು. ಶುಕ್ರವಾರ ಅದು ಕುಲಪತಿಗಳ ಮೇಜಿಗೆ ಹೋಗುವುದಿತ್ತು.

ಕಾರಣವೂ ಬರೆದಿತ್ತು. ಓದುಗರು ಸಹಿ ಹಾಕುವ ಪುಸ್ತಕದಲ್ಲಿ ಸಂಜೆ ಐದರ ಮೇಲೆ ಒಂದು ಹೆಸರೂ ಇಲ್ಲ.

ಇರುವುದಾದರೂ ಹೇಗೆ? ಓದುವ ಕೋಣೆಯ ತಾಜಗುಲ್ ಎಜೆ ಐದಕ್ಕೆ ಸರಿಯಾಗಿ ಆ ಪುಸ್ತಕವನ್ನು ಬೀರುವಿಗೆ ಹಾಕಿ ಬೀಗ ಜಡಿದು, ಬಾಗಿಲ ಕೀಲಿಯನ್ನು ಕಾನಿಶಾಯ್ ಕೈಗೆ ಕೊಟ್ಟು ವ್ಯಾನಿಗೆ ಓಡುತ್ತಿದ್ದರು. ಜನ ಬರುತ್ತಿದ್ದುದೇ ಆಮೇಲೆ, ಬುರುಲ್ ಎಜೆಯೂ ಮನೆಗೆ ಹೋದ ಮೇಲೆ. ಮೂವತ್ತು, ನಲವತ್ತು ಕೋಟುಗಳು. ಹಿಮದಲ್ಲಿ ಮನೆಗೆ ನಡೆಯುವವರ ಕೋಟು ಬೆಚ್ಚಗಿರಲೆಂದು ಕಾನಿಶಾಯ್ ಅವನ್ನು ಬಿಸಿನೀರಿನ ಕೊಳವೆಯ ಪಕ್ಕದ ಹಿಂದಿನ ಸಾಲಿನಲ್ಲಿ, ನೂರರ ಮೇಲಿನ ಕೊಕ್ಕೆಗಳಲ್ಲಿ ತೂಗುಹಾಕುತ್ತಿದ್ದಳು. ಇದನ್ನೆಲ್ಲ ಹೇಳಬಹುದಿತ್ತು. ಆದರೆ ತಾಜಗುಲ್ ಎಜೆ ದಿನವೂ ತಮ್ಮ ಬುತ್ತಿಯ ಬೋರ್ಸೋಕಿನಲ್ಲಿ, ಎಣ್ಣೆಯಲ್ಲಿ ಕರಿದ ಆ ಹಿಟ್ಟಿನ ಉಂಡೆಗಳಲ್ಲಿ, ಅರ್ಧ ಇವಳಿಗೆ ಎತ್ತಿಡುವ ಹೆಂಗಸು. ತಿಂದ ಬಾಯಲ್ಲಿ ಅವರ ಹೆಸರು ಹೇಗೆ ತೆಗೆಯುವುದು?

ಬುಧವಾರ ಕರಾಕೋಲ್ ಊರಿನ ಗ್ರಂಥಪಾಲಕ ಸತಾರ್ ಬಾಯ್ಕೆ, ಅಂದರೆ ಸತಾರಣ್ಣ, ಇವರ ಗ್ರಂಥಾಲಯ ನೋಡಲು ಬಂದರು. ಕೋಟು ಬಿಚ್ಚಿಕೊಟ್ಟರು.

"ಕುಣಿಕೆ ಕಿತ್ತುಹೋಗಿದೆ, ಬಾಯ್ಕೆ."

"ಅಯ್ಯೋ! ಹಾಗಾದ್ರೆ ನನ್ನ ಒಳಗೆ ಬಿಡಲ್ವಾ?"

"ನೋಡ್ಕೊಂಡು ಬನ್ನಿ. ಅಷ್ಟರಲ್ಲಿ ಹೊಲಿದಿಡ್ತೀನಿ."

ದೂರದಿಂದ ಬಂದವರೆಂದು ಅವಳು ಹಿಂದಿನ ಸಾಲಿನ ಬಿಲ್ಲೆ ಕೊಟ್ಟಳು.

ಒಂದು ಗಂಟೆಯಾದ ಮೇಲೆ ಅವರು ಬುರುಲ್ ಎಜೆ, ತಾಜಗುಲ್ ಎಜೆಯರೊಂದಿಗೆ ಇಳಿದು ಬಂದರು. ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದೇನಮ್ಮ, ನಂಬರಿಗೆ ನೇಲ್ ಪಾಲಿಶ್?"

"ಸವೆದುಹೋಗಿತ್ತು. ನಾನೇ ಬರೆದೆ."

ಸತಾರ್ ಬಾಯ್ಕೆ ತಿರುಗಿದರು. "ನೂರು ಕೋಟು ಒಂದಿನಾನೂ ದಾಟಲ್ಲ ಅಂದ್ರಿ, ಬುರುಲ್. ಮತ್ತೆ ಈ ನೂರಾ ಹನ್ನೆರಡು ಯಾರ ಜೇಬಲ್ಲಿ ಸವೆಯಿತು?"

ಕಾನಿಶಾಯ್ ಅರ್ಧ ಹೊಲಿದಿದ್ದ ಅವರ ಕೋಟನ್ನು ಕೆಳಗಿಟ್ಟಳು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

"ಸಂಜೆಯವರದ್ದು," ಎಂದಳು.

"ಯಾವ ಸಂಜೆಯವರು?" ಬುರುಲ್ ಎಜೆ ಹುಬ್ಬುಗಂಟಿಕ್ಕಿದರು. "ಪುಸ್ತಕದಲ್ಲಿ ಒಬ್ಬರೂ ಇಲ್ವಲ್ಲ?"

"ಆ ಹೊತ್ತಲ್ಲಿ ಪುಸ್ತಕ ಬೀರುವಲ್ಲಿರುತ್ತೆ, ಎಜೆ."

ಅಷ್ಟು ಹೇಳಿ ಅವಳು ನೆಲ ನೋಡಿದಳು. ತಾಜಗುಲ್ ಎಜೆ ಕೆಮ್ಮಿದರು.

"ಬೀಗ ಯಾರದ್ದು ಅನ್ನೋದನ್ನ ಯಾಕೆ ನುಂಗ್ತೀಯ, ಮಗಳೇ? ನಂದೇ. ಐದೂ ಹತ್ತರ ವ್ಯಾನ್ ತಪ್ಪಿದ್ರೆ ನಮ್ಮೂರಿಗೆ ಕುದುರೆ ಮೇಲೆ ಹೋಗ್ಲಾ ನಾನು?"

"ಕುದುರೆ ಮೇಲೂ ಸ್ವಲ್ಪ ಕನಿಕರ ಇರ್ಲಿ," ಎಂದರು ಸತಾರ್ ಬಾಯ್ಕೆ.

ತಾಜಗುಲ್ ಎಜೆ ತಮ್ಮ ದೊಡ್ಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಬುರುಲ್ ಎಜೆ ನಗಲಿಲ್ಲ. ಹಿಂದಿನ ಸಾಲಿಗೆ ಹೋಗಿ ಕೆಂಪು ನಂಬರುಗಳ ಬಿಲ್ಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ಬೆಟ್ಟ ಹತ್ತಿಳಿದು ಊರೂರ ಗ್ರಂಥಾಲಯ ನೋಡ್ಬಂದೆ. ನಮ್ಮದರಲ್ಲಿ ಹತ್ತು ಮೆಟ್ಟಿಲು ಇಳೀಲಿಲ್ಲ."

"ನಾನೂ ಊರಿಗೆ ಹೋದ ಕೂಡ್ಲೇ ನಮ್ಮ ಕೋಟಿನ ಕೋಣೆಯವಳನ್ನ ಕೇಳ್ಬೇಕು," ಎಂದರು ಸತಾರ್ ಬಾಯ್ಕೆ. ಆಮೇಲೆ ತಲೆ ಕೆರೆದುಕೊಂಡರು. "ಆದ್ರೆ ಅದನ್ನ ಹೋದ್ವರ್ಷವೇ ತೆಗೆಸಿಬಿಟ್ಟೆನಲ್ಲ."

ಯೋಜನೆಯ ಹಾಳೆಗಳು ಕೋಟು ಕೊಡುವ ಕಟ್ಟೆಯ ಮೇಲೇ ಹರಡಿಕೊಂಡವು. ತಾಜಗುಲ್ ಎಜೆ ಚಹಾ ತಂದರು, ಬೋರ್ಸೋಕಿನ ಡಬ್ಬಿ ಬಿಚ್ಚಿ ಅರ್ಧ ಭಾಗವನ್ನು ಎಂದಿನಂತೆ ಕಾನಿಶಾಯ್ ಕಡೆ ಸರಿಸಿದರು. ಬುರುಲ್ ಎಜೆ ಆ ಎರಡು ಸಾಲುಗಳ ಮೇಲೆ ಗೀಟು ಎಳೆದರು. ಬಾಗಿಲು ಎಂಟಕ್ಕೋ ಒಂಬತ್ತಕ್ಕೋ, ಪುಸ್ತಕ ಸಂಜೆ ಎಲ್ಲಿರಬೇಕು ಎಂದು ಮೂವರೂ ಒಟ್ಟಿಗೇ ಮಾತಾಡತೊಡಗಿದರು.

ಕಾನಿಶಾಯ್ ಹಗುರವಾದ ಮನಸ್ಸಿನಿಂದ ಸತಾರ್ ಬಾಯ್ಕೆಯ ಕುಣಿಕೆಗೆ ಕೊನೆಯ ಗಂಟು ಹಾಕಿದಳು. ದಾರದ ಉಂಡೆಯಲ್ಲಿ ಬರಿಯ ಕಾಗದದ ಸುರುಳಿ ಉಳಿದಿತ್ತು. ಒಮ್ಮೆ ಮೆಲ್ಲಗೆ ಕೇಳಿದಳು. ಯಾರೂ ತಲೆಯೆತ್ತಲಿಲ್ಲ. ಇನ್ನೂ ಸ್ವಲ್ಪ ಗಟ್ಟಿಯಾಗಿ ಕೇಳಿದಳು:

"ಎಜೆ, ಕಪ್ಪು ದಾರ ಮುಗಿದಿದೆ. ಒಂದು ಉಂಡೆ ತರಿಸಿಕೊಡಿ."